ಕಿಟಕಿ ಪಕ್ಕದ ಮೇಜು

ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದ್ದ ಊಟದ ಪಟ್ಟಿಯನ್ನು ಅವನು ಆ ಬೆಳಿಗ್ಗೆ ಮೂರನೆಯ ಸಲ ಓದುತ್ತಿದ್ದ. ಹತ್ತು ಗಂಟೆಯೂ ಆಗಿರಲಿಲ್ಲ. ಒಳಗೆ ದೀಪ ಹಚ್ಚದ ಹಾಲ್‌ನಲ್ಲಿ ಒಬ್ಬ ಹೆಂಗಸು ಕುರ್ಚಿಗಳನ್ನು ಒಂದೊಂದಾಗಿ ಎಳೆದು, ಮೇಜಿನಿಂದ ಇಷ್ಟೇ ದೂರ ಎಂದು ಗೇಣು ಹಾಕಿ ಅಳೆದು ಇಡುತ್ತಿದ್ದಳು. ಇಷ್ಟು ಅಳತೆ ಮಾಡಿ ಇಟ್ಟ ಕುರ್ಚಿಯನ್ನು ಅಕ್ಕ ಕೂರುವ ಮೊದಲು ಸದ್ದು ಮಾಡಿ ಎಳೆಯುತ್ತಾಳೆ, ಕೂತ ಮೇಲೆ ಕೈಚೀಲವನ್ನು ಮೇಜಿನ ಮೇಲೆ ಇಡುತ್ತಾಳೆ. ಇಟ್ಟರೆ ಇಡಲಿ, ಅವಳ ಚೀಲ, ಅವಳ ಊಟ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಕೂಡಲೇ, ಹೇಳಿಕೊಳ್ಳಬೇಕಾಗಿ ಬಂತಲ್ಲ ಎಂದು ನಾಚಿಕೆಯಾಯಿತು. ಒಳಗಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಅವನು ವಾಚು ನೋಡಿಕೊಂಡು, ಯಾರಿಗೋ ಕಾಯುತ್ತಿರುವವನಂತೆ ರಸ್ತೆಯ ಕಡೆ ತಿರುಗಿದ.

ಹನ್ನೊಂದು ಜಾಗಗಳ ಪಟ್ಟಿ ಮಾಡಿಕೊಂಡು ಬಂದಿದ್ದ. ಹಲ್ಲಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು ಅವನು. ಒಂದು ಹಲ್ಲಿನ ಬಣ್ಣ ಗೊತ್ತುಮಾಡಲು ಹದಿನಾರು ಮಾದರಿಗಳನ್ನು ಬೆಳಕಿಗೆ ಹಿಡಿದು ನೋಡುವುದು ಅವನ ರೂಢಿ. ಊಟದ ಜಾಗ ಆರಿಸುವುದಕ್ಕೂ ಹಾಗೆಯೇ ಕೂತಿದ್ದ. ಹೊಸ ಯಂತ್ರದ ತರಬೇತಿಗೆಂದು ಲ್ಯಾಬಿನವರು ನಾಲ್ಕು ದಿನ ಈ ಊರಿಗೆ ಕಳಿಸುತ್ತಾರೆ ಎಂದು ಗೊತ್ತಾದಾಗಿನಿಂದ, ಅಕ್ಕನನ್ನೂ ಜೊತೆಗೆ ಕರೆತರುವುದೆಂದು ನಿಶ್ಚಯಿಸಿ, ಹೆಂಡತಿ ಮಲಗಿದ ಮೇಲೂ ಮೊಬೈಲಿನಲ್ಲಿ ಕಂಡವರ ಅಭಿಪ್ರಾಯಗಳನ್ನೆಲ್ಲ ಓದಿದ. ಮೂವತ್ತೆರಡನೆಯ ಮಹಡಿಯದು ಬೇಡ, ಅಕ್ಕನಿಗೆ ಲಿಫ್ಟ್ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಕತ್ತಲಲ್ಲಿ ಊಟ ಬಡಿಸುವ ಜಾಗ ಬೇಡ, ಕಂಡದ್ದನ್ನು ತಿನ್ನುವುದೇ ಕಷ್ಟ, ಕಾಣದ್ದನ್ನು ತಿನ್ನಿಸುವುದು ಹೇಗೆ. ಒಂದರ ಬಗ್ಗೆ ಯಾರೋ ಬರೆದಿದ್ದರು: ‘ಬಡಿಸುವವರು ಮೊದಲು ನಿಮ್ಮ ಶೂ ನೋಡುತ್ತಾರೆ.’ ಆ ಒಂದು ಸಾಲು ಓದಿ ಅವನಿಗೆ ಎರಡು ದಿನ ನೆಮ್ಮದಿ ಇರಲಿಲ್ಲ. ಅಕ್ಕನ ಕಾಲು ಊದುತ್ತದೆ, ಅವಳು ಹಾಕುವುದು ಲೇಸು ಸಡಿಲಿಸಿದ ಕ್ಯಾನ್ವಾಸ್ ಶೂ. ಅಳೆದು ಸುರಿದು ಕೊನೆಗೆ ಉಳಿದದ್ದು ಇದು, ಹಡಗುಕಟ್ಟೆಯ ಹತ್ತಿರ, ಹಳೆಯ ಸರಕಿನ ಕೋಠಿಯನ್ನು ದುರಸ್ತಿ ಮಾಡಿ ತೆರೆದ ಜಾಗ. ‘ಮುಖ್ಯ ಅಡುಗೆಯವರು ತಾವೇ ಮೇಜಿನ ಹತ್ತಿರ ಬಂದು ಮಾತಾಡಿಸುತ್ತಾರೆ, ದೊಡ್ಡಸ್ತಿಕೆ ಇಲ್ಲ’ ಎಂದು ಏಳು ಜನ ಬರೆದಿದ್ದರು. ಏಳು ಜನ ಸುಳ್ಳು ಹೇಳಲಾರರು ಎಂದುಕೊಂಡು ಮೇಜು ಕಾದಿರಿಸಿದ್ದ. ಹನ್ನೆರಡನೆಯ ತಾರೀಖು, ಮಧ್ಯಾಹ್ನ ಒಂದು ಗಂಟೆ, ಇಬ್ಬರು. ಸಂಜೆ ಆರಕ್ಕೆ ವಾಪಸ್ ರೈಲು.

ವಸತಿಗೃಹದ ಕೋಣೆಗೆ ಹಿಂತಿರುಗಿದಾಗ ಅಕ್ಕ ಹಾಸಿಗೆಯ ಮೇಲಿನ ಚಾದರವನ್ನು ತೆಗೆದು ಮಡಿಸುತ್ತಿದ್ದಳು. ಇಲ್ಲಿಯವರು ಬಂದು ಮಡಿಸುತ್ತಾರೆ ಬಿಡು ಎಂದರೆ, ಅವರು ಮೂಲೆ ಕೂಡಿಸಿ ಮಡಿಸುವುದಿಲ್ಲ ಎಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದು, ಎರಡು ತಿಂಗಳ ಹಿಂದೆ ನಿವೃತ್ತಳಾಗಿದ್ದಳು. ಹಬೆಯಲ್ಲಿ ಬೆಂದೂ ಬೆಂದೂ ಅವಳ ಮುಂಗೈ ಚರ್ಮ ಒಣಗಿ ನುಣುಪಾಗಿ, ಅಲ್ಲಲ್ಲಿ ಬಿಳಿಯಾಗಿತ್ತು. ಎಡಗಡೆ ಮೇಲಿನ ಎರಡು ದವಡೆ ಹಲ್ಲು ಬಿದ್ದು ಆ ಕೆನ್ನೆ ಒಳಗೆ ಹೋಗಿತ್ತು. ಊರಿನವರ ಬಾಯಿಗೆಲ್ಲ ಹಲ್ಲು ಮಾಡಿಕೊಡುವ ಅವನು ಅಕ್ಕನ ಬಾಯಿಯ ಅಚ್ಚು ಇನ್ನೂ ತೆಗೆದಿರಲಿಲ್ಲ. ಮುಂದಿನ ತಿಂಗಳು, ಈ ಕೆಲಸ ಮುಗಿಯಲಿ ಎಂದು ಮೂರು ವರ್ಷ ಹೋಗಿತ್ತು. ಅವಳೂ ಕೇಳಿದವಳಲ್ಲ. ಅವನಿಗೆ ಒಂಬತ್ತು ವರ್ಷವಿದ್ದಾಗ ತಾಯಿ ಹೋದಳು, ಅಕ್ಕನಿಗೆ ಆಗ ಹದಿನೇಳು. ಅಲ್ಲಿಂದ ಇಲ್ಲಿಯವರೆಗೆ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅವನ ನೆನಪಿಗೆ ಬರುತ್ತಿರಲಿಲ್ಲ. ನೆನಪು ಮಾಡಿಕೊಳ್ಳಲು ಅವನಿಗೆ ಇಷ್ಟವೂ ಇರಲಿಲ್ಲ, ಯಾಕೆಂದರೆ ಹುಡುಕುತ್ತ ಹೋದರೆ ಬೇರೆ ಏನೋ ಸಿಗುತ್ತಿತ್ತು.

ಸಿಗುತ್ತಿದ್ದದ್ದು ಒಂದೇ. ಲ್ಯಾಬು ಶುರುವಾಗಿ ಇಪ್ಪತ್ತೈದು ವರ್ಷ ತುಂಬಿದಾಗ ದೊಡ್ಡ ಹೋಟೆಲಿನಲ್ಲಿ ಕೊಟ್ಟ ಊಟ. ಮನೆಯವರನ್ನೆಲ್ಲ ಕರೆತನ್ನಿ ಎಂದಿದ್ದರು ಮಾಲೀಕರು. ಹೆಂಡತಿಗೆ ಜ್ವರ, ಅಕ್ಕನನ್ನು ಕರೆದುಕೊಂಡು ಹೋದ. ಬಟ್ಟೆ ಒಗೆಯುವಲ್ಲಿ ಊಟಕ್ಕೆ ಸಿಗುತ್ತಿದ್ದದ್ದು ಹದಿನೈದು ನಿಮಿಷ, ಕೈ ತೊಳೆಯುವುದೂ ಅದರಲ್ಲೇ. ಹಾಗಾಗಿ ಅಕ್ಕ ತಟ್ಟೆಯ ಸುತ್ತ ಎಡಗೈ ಬಳಸಿ, ಯಾರೋ ಕಿತ್ತುಕೊಂಡಾರು ಎಂಬಂತೆ ಬಗ್ಗಿ, ಬೇರೆಯವರು ಇನ್ನೂ ಬಡಿಸಿಕೊಳ್ಳುತ್ತಿರುವಾಗಲೇ ಉಂಡು ಮುಗಿಸಿ, ತಟ್ಟೆಯನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ಬಾಯಿಗಿಟ್ಟುಕೊಂಡಳು. ಲ್ಯಾಬಿಗೆ ಕೆಲಸ ಕೊಡುವ ದೊಡ್ಡ ಡಾಕ್ಟರೊಬ್ಬರ ಹೆಂಡತಿ ಅವನ ಪಕ್ಕಕ್ಕೆ ಬಂದು, ಆ ಕಡೆ ನೋಡುತ್ತ, ಅವರು ಯಾರು ಎಂದು ಕೇಳಿದರು. ‘ನಮ್ಮ ಮನೆಗೆ ಬಂದು ಹೋಗೋರು’ ಎಂದ. ಯೋಚಿಸಿ ಹೇಳಿದ್ದಲ್ಲ, ಕಣ್ಣಿಗೆ ಏನೋ ಬಂದಾಗ ರೆಪ್ಪೆ ಮುಚ್ಚುತ್ತದಲ್ಲ ಹಾಗೆ. ತಿರುಗಿ ನೋಡಿದರೆ ಅಕ್ಕ ಖಾಲಿ ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು, ಇದನ್ನು ಎಲ್ಲಿಡಬೇಕು ಎಂದು ಹುಡುಕುತ್ತ. ಕೇಳಿಸಿತೋ ಇಲ್ಲವೋ. ಹನ್ನೆರಡು ವರ್ಷದಿಂದ ಅವನು ಆ ನಾಲ್ಕು ಹೆಜ್ಜೆಯನ್ನು ಅಳೆಯುತ್ತಲೇ ಇದ್ದ. ಅಷ್ಟು ಗದ್ದಲದಲ್ಲಿ ಕೇಳಿಸಿರಲಾರದು ಎಂದು ಒಂದು ದಿನ, ಕೇಳಿಸದೆ ಹೇಗಿರುತ್ತದೆ ಎಂದು ಇನ್ನೊಂದು ದಿನ.

‘ಏನೋ ಪುಟ್ಟ, ಅಲ್ಲೇ ನಿಂತ್ಕೊಂಡೆ. ಹೊರಡೋಣ್ವಾ?’ ಎಂದಳು ಅಕ್ಕ. ನೀಲಿ ಬಟ್ಟೆ ಉಟ್ಟು, ತಲೆಗೆ ನೀರು ಮುಟ್ಟಿಸಿ ಬಾಚಿಕೊಂಡಿದ್ದಳು. ಕಾಲಲ್ಲಿ ಅದೇ ಶೂ, ಆದರೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ಬೆಳ್ಳಗೆ ಮಾಡಿದ್ದಳು. ಇಂಥ ಕಡೆ ಶೂ ನೋಡುತ್ತಾರೆ ಎಂದು ಅವಳಿಗೂ ಗೊತ್ತಿತ್ತು ಹಾಗಾದರೆ. ಅದನ್ನು ನೋಡಿ ಅವನಿಗೆ ಇನ್ನಷ್ಟು ಕಸಿವಿಸಿಯಾಯಿತು.

ಕೋಠಿಯ ಬಾಗಿಲ ಒಳಗಿನ ಸಣ್ಣ ಅಂಗಳದಲ್ಲಿ ಎತ್ತರದ ಮೇಜು, ಅದರ ಹಿಂದೆ ಬೂದು ಕೋಟಿನ ಯುವತಿ. ಅಕ್ಕ ಗೋಡೆಗೆ ತಾಗಿದ ಬೆಂಚಿನ ಮೇಲೆ ಕೂತಳು. ಯುವತಿ ಪರದೆಯ ಮೇಲೆ ಬೆರಳಾಡಿಸಿ, ಇನ್ನೊಮ್ಮೆ ಆಡಿಸಿ, ಬಹಳ ಮೆತ್ತಗೆ, ತಮ್ಮ ಹೆಸರಿನಲ್ಲಿ ಮೇಜು ಇರುವುದು ಹನ್ನೆರಡನೆಯ ತಾರೀಖಿಗೇ, ಆದರೆ ಮುಂದಿನ ತಿಂಗಳ ಹನ್ನೆರಡಕ್ಕೆ ಎಂದಳು. ಇವತ್ತು ಒಂದೂ ಖಾಲಿ ಇಲ್ಲ. ಅವನು ಮೊಬೈಲು ತೆಗೆದು ನೋಡಿದ. ತಿಂಗಳು ಅಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ. ಹದಿನಾರು ಬಿಳಿಗಳ ನಡುವೆ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣು ಇಷ್ಟು ದಪ್ಪ ಅಕ್ಷರವನ್ನು ಬಿಟ್ಟಿತ್ತು. ಹಿಂದೆ ಇನ್ನೊಂದು ಸಂಸಾರ ಬಂದು ನಿಂತಿತು, ಅದರಲ್ಲಿ ಯಾರೋ ಸಣ್ಣಗೆ ಕೆಮ್ಮಿದರು. ಅಕ್ಕ ಬೆಂಚಿನಿಂದ ನೋಡುತ್ತಿದ್ದಳು. ಸರಿ, ಬೇರೆ ಕಡೆ ಹೋಗೋಣ ಎನ್ನುವುದಕ್ಕೆ ಬಾಯಿ ತೆರೆದ. ಆದರೆ ಮೇಜಿನ ಮೇಲೆ ಬಗ್ಗಿ, ತನ್ನದೇ ಅಲ್ಲದ ತಗ್ಗಿದ ದನಿಯಲ್ಲಿ ಅವನು ಹೇಳಿದ್ದು ಬೇರೆ. ‘ನಮ್ಮ ಅಕ್ಕ. ಹುಷಾರಿಲ್ಲ ಅವರಿಗೆ. ಮುಂದಿನ ತಿಂಗಳಿಗೆ ಎದ್ದು ಓಡಾಡೋ ಹಾಗಿರ್ತಾರೋ ಇಲ್ವೋ... ಡಾಕ್ಟರು ಮೂರು ತಿಂಗಳು ಅಂದಿದಾರೆ. ಇಲ್ಲಿ ಊಟ ಮಾಡ್ಬೇಕು ಅಂತ ಬಹಳ ಆಸೆ ಇತ್ತು.’

ಯುವತಿ ಬೆಂಚಿನ ಕಡೆ ನೋಡಿದಳು. ಊದಿದ ಕಾಲು, ಒಳಗೆ ಹೋದ ಕೆನ್ನೆ, ನೀರು ಹಚ್ಚಿ ಬಾಚಿದ ತೆಳು ಕೂದಲು. ನೋಡಿದಳು, ನಂಬಿದಳು. ಸುಳ್ಳು ಹೇಳಿದ್ದಕ್ಕಿಂತ ಅದು ಅಷ್ಟು ಸಲೀಸಾಗಿ ನಂಬುವಂತಿತ್ತಲ್ಲ ಎಂಬುದು ಅವನಿಗೆ ಹೆಚ್ಚು ಚುಚ್ಚಿತು. ಎರಡು ನಿಮಿಷ ಕೂರಿ ಎಂದು ಒಳಗೆ ಹೋದವಳು ಬಂದು, ಬನ್ನಿ ಎಂದು ತಾನೇ ಅಕ್ಕನ ಮೊಣಕೈ ಹಿಡಿದು ಎಬ್ಬಿಸಿದಳು. ನೀರು ಕಾಣುವ ಕಿಟಕಿ ಪಕ್ಕದ ಮೇಜು. ಅವನು ಓದಿದ ಅಭಿಪ್ರಾಯಗಳಲ್ಲಿ, ಆ ಮೇಜು ಸಿಕ್ಕರೆ ಅದೃಷ್ಟ ಎಂದು ಬರೆದಿದ್ದರು.

ಅಲ್ಲಿಂದ ಮುಂದೆ ಅವನ ನಾಲಿಗೆಗೆ ರುಚಿ ಹತ್ತಿದ್ದು ಅಷ್ಟಕ್ಕಷ್ಟೆ. ಬಡಿಸುವಾತ, ನಡುವಯಸ್ಸಿನ ಮೌನದ ಮನುಷ್ಯ, ಕೇಳದೆಯೇ ಅಕ್ಕನ ಬೆನ್ನಿಗೆ ದಿಂಬು ತಂದಿಟ್ಟ. ಕುಡಿಯಲು ಅವಳಿಗೆ ಬೆಚ್ಚಗಿನ ನೀರು. ಕುರ್ಚಿ ಸದ್ದು ಮಾಡಲಿಲ್ಲ, ಆತನೇ ಹಿಡಿದು ಸರಿಸಿದ. ಚೀಲವನ್ನು ಅಕ್ಕ ಮೇಜಿನ ಮೇಲಿಟ್ಟಾಗ ಆತ ಅದಕ್ಕೆಂದು ಒಂದು ಪುಟ್ಟ ಸ್ಟೂಲು ತಂದ. ಪಕ್ಕದ ಮೇಜಿನ ದಂಪತಿ ಒಮ್ಮೆ ನೋಡಿ ಮಾತು ತಗ್ಗಿಸಿದರು. ಗೊತ್ತಾಗಿರಬೇಕು ಅವರಿಗೂ, ಅಥವಾ ಅವರು ಮಾತಾಡುವುದೇ ಹಾಗೋ. ಅಕ್ಕ ಸುತ್ತ ನೋಡಿ, ಇಲ್ಲಿ ಎಲ್ಲರನ್ನೂ ಹೀಗೇ ನೋಡಿಕೊಳ್ಳುತ್ತಾರಾ ಎಂದು ಕೇಳಿದಳು. ಹೂಂ ಎಂದ, ಅದಕ್ಕೇ ಇದನ್ನು ಆರಿಸಿದ್ದು ಎಂದ. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಕೂತಾಗ ಮೊದಲಿನದು ಸ್ವಲ್ಪ ಗಟ್ಟಿಯಾದಂತೆ ಅನಿಸಿತು.

ತೆಳ್ಳಗಿನ ಸಾರು ಬಂತು, ಅಂಗೈಯಗಲದ ಬಟ್ಟಲಲ್ಲಿ. ಅವನ ಬಟ್ಟಲಿನದು ಹೊಗೆ, ಮೆಣಸು, ಯಾವುದೋ ಹುಳಿ ಎಲ್ಲ ಒಂದರ ಹಿಂದೊಂದು ಬಂದು ಕಿವಿಯವರೆಗೆ ಏರಿತು. ಹೇಗಿದೆ ಎಂದು ಅಕ್ಕನ ಮುಖ ನೋಡಿದ. ‘ಚೆನ್ನಾಗಿದೆ’ ಎಂದಳು, ಡಾಕ್ಟರು ಎದುರಿಗೆ ನಿಂತಾಗ ಔಷಧಿ ಕುಡಿದವಳ ಹಾಗೆ. ಮೀನು ಬಂತು, ಅಣಬೆ ಬಂತು, ಸುಟ್ಟ ಆಲೂಗಡ್ಡೆಯನ್ನು ಕಾಗದದಷ್ಟು ತೆಳ್ಳಗೆ ಪದರ ಮಾಡಿದ್ದು ಬಂತು. ಪ್ರತಿಯೊಂದಕ್ಕೂ ಅವಳು ಎರಡು ಸಲ ಬಾಯಿಗಿಟ್ಟು, ಚೆನ್ನಾಗಿದೆ ಎಂದು, ಕಿಟಕಿಯಾಚೆ ಹಡಗಿನಿಂದ ಪೆಟ್ಟಿಗೆ ಇಳಿಸುವುದನ್ನು ನೋಡಿದಳು. ಕೈ ಬಳಸಿ ಬಗ್ಗಲಿಲ್ಲ, ಅವಸರ ಮಾಡಲಿಲ್ಲ, ತಟ್ಟೆ ಒರೆಸಲಿಲ್ಲ. ಅರ್ಧ ಬಿಟ್ಟಳು. ಇಷ್ಟು ವರ್ಷ ಅವಳು ಹೀಗೆ ತಿನ್ನಬೇಕು ಎಂದುಕೊಂಡಿದ್ದ, ಈಗ ತಿನ್ನುತ್ತಿರುವುದನ್ನು ನೋಡಲು ಆಗುತ್ತಿಲ್ಲ. ಒಳಗೊಳಗೇ ಸಿಟ್ಟೂ ಬಂತು. ಹನ್ನೊಂದರಲ್ಲಿ ಒಂದನ್ನು ಆರಿಸಿ ತಂದು ಕೂರಿಸಿದರೆ, ರುಚಿ ಗೊತ್ತಾಗದ ನಾಲಿಗೆ. ಆ ಯೋಚನೆ ಬಂದದ್ದೇ ಅವನ ಕೈಯ ಚಮಚ ತಟ್ಟೆಯ ಅಂಚಿಗೆ ಬಡಿದು ಸದ್ದಾಯಿತು. ಇಡೀ ಊಟದಲ್ಲಿ ಆ ಮೇಜಿನಿಂದ ಬಂದ ಸದ್ದು ಅದೊಂದೇ.

ಆಮೇಲೆ ಅವನು ಹೆದರಿದ್ದದ್ದೇ ಆಯಿತು, ಮುಖ್ಯ ಅಡುಗೆಯವನು ಬಂದ. ದೊಡ್ಡ ಆಳು, ಬೋಳು ತಲೆ, ಮುಂಗೈ ತುಂಬ ಸುಟ್ಟ ಗುರುತು. ಬೇರೆ ಮೇಜುಗಳ ಹತ್ತಿರ ನಿಂತು ಎರಡು ಮಾತಾಡಿ ಬಂದವನು ಇಲ್ಲಿ ಮಂಡಿಯೂರಿ ಅಕ್ಕನ ಕುರ್ಚಿಯ ಪಕ್ಕ ಕೂತ. ಸಾರು ಹೇಗಿತ್ತಮ್ಮ ಎಂದು ಕೇಳಿದ. ಉತ್ತರಕ್ಕೆ ಕಾಯದೆ, ಅದು ತನ್ನ ತಾಯಿಗೆಂದು ಮಾಡಿದ ಸಾರು, ಕೊನೆಯ ಐದು ವಾರ ಆಕೆಯ ಗಂಟಲಲ್ಲಿ ಇಳಿಯುತ್ತಿದ್ದದ್ದು ಅದೊಂದೇ ಎಂದ. ‘ನೀವು ಧೈರ್ಯವಾಗಿರಿ. ನೋವು ಜಾಸ್ತಿ ಆದಾಗ ಹೇಳಿ ಡಾಕ್ಟರಿಗೆ, ಸಹಿಸ್ಕೊಂಡು ಇರ್ಬೇಡಿ. ನಮ್ಮಮ್ಮ ಹೇಳ್ತಾನೇ ಇರ್ಲಿಲ್ಲ’ ಎಂದವನ ದನಿ ಒಡೆಯಿತು.

ಅಕ್ಕ ಅವನನ್ನು ನೋಡಿದಳು. ಆಮೇಲೆ ಮೇಜಿನ ಈಚೆ ತಮ್ಮನನ್ನು ನೋಡಿದಳು. ಒಂದೇ ನೋಟ, ಬಟ್ಟೆಯ ರಾಶಿಯಲ್ಲಿ ಕಲೆ ಇದ್ದದ್ದನ್ನು ಎತ್ತಿ ಪಕ್ಕಕ್ಕಿಡುವಾಗ ಎಷ್ಟು ಹೊತ್ತು ಬೇಕೋ ಅಷ್ಟು. ಇನ್ನು ಮುಗಿಯಿತು, ಇಲ್ಲೇ ಬಾಯಿ ಬಿಡುತ್ತಾಳೆ ಎಂದು ಅವನು ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಂಡಿದ. ಅವಳು ಬಾಯಿ ಬಿಡಲಿಲ್ಲ. ಅಡುಗೆಯವನ ಸುಟ್ಟ ಮುಂಗೈ ಮೇಲೆ ತನ್ನ ಕೈ ಇಟ್ಟು, ಕೊನೆಗೆ ತಾಯಿಯ ಹತ್ತಿರ ಯಾರಿದ್ದರು ಎಂದು ಕೇಳಿದಳು. ನಾನೇ ಇದ್ದೆ ಎಂದ ಅಡುಗೆಯವನು. ಹಾಗಾದರೆ ಆಕೆಗೆ ಕೊರತೆ ಏನೂ ಆಗಲಿಲ್ಲ ಬಿಡಿ ಎಂದಳು. ಅವನು ತೋಳಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದ.

ಹೊರಗೆ ಬಂದ ಮೇಲೆ ಅಕ್ಕ ಊದಿದ ಕಾಲಿನಲ್ಲೂ ಅವನಿಗಿಂತ ಮುಂದೆ ನಡೆದಳು. ಕಟ್ಟೆಯ ಕೊನೆಯಲ್ಲಿ ಕಲ್ಲು ಬೆಂಚು ಸಿಕ್ಕಾಗ ಕೂತು, ಶೂವಿನ ಲೇಸು ಪೂರ್ತಿ ಬಿಚ್ಚಿದಳು. ಅವನು ಕೂರಲೋ ನಿಲ್ಲಲೋ ತಿಳಿಯದೆ ನಿಂತ.

‘ಯಾವ ಕಾಯಿಲೆ ಕೊಟ್ಟಿದೀಯ ನಂಗೆ?’

ಅವನು ಅವಳು ಬಿಚ್ಚಿದ ಲೇಸನ್ನೇ ನೋಡಿದ.

‘ಹೇಳು ಕಣೋ. ನಂದೇ ಕಾಯಿಲೆ, ನಂಗೆ ಗೊತ್ತಿರ್ಬೇಡ್ವಾ?’

‘ಹೆಸರು ಹೇಳ್ಲಿಲ್ಲ ಅಕ್ಕ.’

‘ಎಷ್ಟು ದಿನ ಕೊಟ್ಟಿದೀಯ?’

‘ಮೂರು ತಿಂಗಳು.’

‘ಪರವಾಗಿಲ್ಲ, ಧಾರಾಳಿ’ ಎಂದು ನಕ್ಕಳು. ನಗು ಬೇಗ ಮುಗಿಯಿತು. ಅವನು ತಾರೀಖಿನ ತಪ್ಪು, ಹಿಂದೆ ನಿಂತವರ ಕೆಮ್ಮು, ಇವತ್ತೇ ಕೊನೆಯ ದಿನ, ಎಲ್ಲ ಒಂದೇ ಉಸಿರಿಗೆ ಹೇಳತೊಡಗಿದ. ನಿನಗೆ ಒಳ್ಳೆಯ ಜಾಗದಲ್ಲಿ ಒಂದು ಊಟ ಹಾಕಿಸಬೇಕು ಎಂದು ಎಷ್ಟು ದಿನದಿಂದ ಓದಿ, ನೋಡಿ, ಆರಿಸಿ. ಅವಳು ಕೈ ಎತ್ತಿದ್ದಕ್ಕೆ ನಿಲ್ಲಿಸಿದ.

‘ಅವತ್ತು ಹೋಟ್ಲಲ್ಲಿ ಮನೆಗೆ ಬಂದು ಹೋಗೋರು ಅಂದೆ. ಇವತ್ತು ಸಾಯೋಕೆ ಹೊರಟೋಳು ಅಂದೆ. ಇರೋ ಹಾಗೆ ಒಂದ್ಸಲ ಹೇಳೋಕೆ ಏನಾಗತ್ತೋ ನಿಂಗೆ?’

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ಹೇಗಾದರೂ ತಡೆದುಕೊಳ್ಳುತ್ತಿದ್ದ. ಕೇಳಿಸಿತ್ತು, ಹಾಗಾದರೆ. ಹನ್ನೆರಡು ವರ್ಷ ಕೇಳಿಸಿಕೊಂಡೇ ಅವನ ಮನೆಗೆ ಬಂದಿದ್ದಳು, ಅವನ ಮಗಳ ಜಡೆ ಹೆಣೆದಿದ್ದಳು, ಅವನ ಅಂಗಿಗಳಿಗೆ ಇಸ್ತ್ರಿ ಹಾಕಿದ್ದಳು. ತಪ್ಪಾಯಿತು ಎನ್ನಲು ಹೋದ. ಅದು ಇವತ್ತಿನ ಸುಳ್ಳಿಗಿಂತ ಸುಲಭವಾಗಿ ಬಾಯಿಗೆ ಬರುತ್ತಿದೆ ಅನಿಸಿ ನುಂಗಿಕೊಂಡ. ಅವಳು ಅದನ್ನು ಕೇಳುವ ಗೋಜಿಗೂ ಹೋಗದೆ, ಅಡುಗೆಯವನ ಹತ್ತಿರ ಹೋಗಿ ಹೇಳಿ ಬಾ ಎಂದಳು. ಈಗಲೇ. ‘ಪಾಪ, ತಾಯೀನ ನೆನೆಸ್ಕೊಂಡು ಅತ್ತ. ಅದನ್ನ ಸುಳ್ಳಿಗೆ ಖರ್ಚು ಮಾಡಿಸ್ಬಾರ್ದು. ನಾನು ಇಲ್ಲೇ ಕೂತಿರ್ತೀನಿ.’

ಮುಂಬಾಗಿಲಿಗೆ ಹೋಗುವ ಧೈರ್ಯ ಬರಲಿಲ್ಲ. ಕೋಠಿಯ ಪಕ್ಕದ ಓಣಿಯಲ್ಲಿ ತರಕಾರಿ ಬುಟ್ಟಿಗಳು, ಒದ್ದೆ ನೆಲ, ತೆರೆದ ಹಿಂಬಾಗಿಲು. ಮಧ್ಯಾಹ್ನದ ಕೆಲಸ ಮುಗಿಸಿದ ಏಳೆಂಟು ಜನ ಬೋರಲು ಹಾಕಿದ ಬುಟ್ಟಿಗಳ ಮೇಲೆ ಕೂತು, ದೊಡ್ಡ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತಿದ್ದರು. ದಪ್ಪಗೆ ಬೆಂದ ಕಾಳು, ಈರುಳ್ಳಿ, ಚೂರು ಮಾಂಸ. ಮುಖ್ಯ ಅಡುಗೆಯವನು ಮೆಟ್ಟಿಲ ಮೇಲಿದ್ದ. ಅವನನ್ನು ಕಂಡು ಎದ್ದು ನಿಂತ, ಏನಾಯಿತು, ಅವರು ಹುಷಾರಾಗಿದ್ದಾರಾ ಎಂದ. ಆ ಕೇಳಿದ ರೀತಿಗೆ ಅವನ ಕಾಲು ಹಿಂದೆ ಸರಿಯಿತು. ಆದರೂ ಹೇಳಿದ. ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಮರೆತು, ಅಕ್ಕನಿಗೆ ಏನೂ ಆಗಿಲ್ಲ, ಕಾಯಿಲೆ ಇಲ್ಲ, ಜಾಗ ಇಲ್ಲ ಅಂದಿದ್ದಕ್ಕೆ ಹಾಗೆ ಹೇಳಿದೆ ಎಂದ. ಉಣ್ಣುತ್ತಿದ್ದವರ ಕೈಗಳು ಒಂದೊಂದಾಗಿ ನಿಂತವು. ಬೂದು ಕೋಟಿನ ಯುವತಿಯೂ ಅಲ್ಲಿದ್ದಳು, ಕೋಟು ತೆಗೆದಿಟ್ಟು. ಅವಳು ಅವನ ಮುಖ ನೋಡಲಿಲ್ಲ, ತಟ್ಟೆ ನೋಡಿಕೊಂಡಳು.

ಬೈಯುತ್ತಾನೆ, ಹೊರಗೆ ನೂಕುತ್ತಾನೆ, ಅದಾದರೆ ಒಳ್ಳೆಯದು ಎಂದು ಕಾದ. ಅಡುಗೆಯವನು ಕೈಯಲ್ಲಿದ್ದ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟ.

‘ಏನೂ ಆಗಿಲ್ಲ ಅವರಿಗೆ.’

‘ಇಲ್ಲ.’

‘ನಾನು ಅವರದ್ದೆಲ್ಲ ಬೇರೆ ಮಾಡಿಸ್ದೆ’ ಎಂದ ಅಡುಗೆಯವನು. ‘ಉಪ್ಪಿಲ್ಲ, ಮೆಣಸಿಲ್ಲ, ಎಣ್ಣೆ ಇಲ್ಲ. ಕಾಯಿಲೆಯೋರು ಅಂತ. ಎಲ್ಲ ಮೆತ್ತಗೆ ಬೇಯಿಸಿ, ನಮ್ಮಮ್ಮಂಗೆ ಮಾಡಿದ ಹಾಗೆ. ನೀವು ತಿಂದಿದ್ದು ಅವರು ತಿನ್ನಲೇ ಇಲ್ಲ.’

ನಾಲ್ಕು ವಾರ ಓದಿ ಆರಿಸಿದ ಊಟ. ಉಪ್ಪಿಲ್ಲದ್ದರ ಮುಂದೆ ಕೂತು, ಪ್ರತಿ ತಟ್ಟೆಗೂ ಚೆನ್ನಾಗಿದೆ ಎಂದವಳು. ರುಚಿ ಗೊತ್ತಾಗದ ನಾಲಿಗೆ ಎಂದುಕೊಂಡವನು ತಾನು. ‘ಎಲ್ಲಿದಾರೆ ಈಗ?’ ಎಂದು ಕೇಳಿದ ಅಡುಗೆಯವನು. ಕಟ್ಟೆಯ ಮೇಲೆ ಎಂದ. ‘ಕರ್ಕೊಂಡು ಬನ್ನಿ.’ ಕರೆದ ರೀತಿಯಲ್ಲಿ ಕ್ಷಮೆ ಇತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ತಿಳಿಯುವವರೆಗೆ ನಿಲ್ಲುವ ಹಾಗೂ ಇರಲಿಲ್ಲ.

ಅಕ್ಕ ಬಂದಳು, ಲೇಸು ಕಟ್ಟದ ಶೂ ಎಳೆದುಕೊಂಡು. ಪಾತ್ರೆ ತೊಳೆಯುವ ಮುದುಕಿ ಸರಿದು ತನ್ನ ಬುಟ್ಟಿಯ ಮೇಲೆ ಜಾಗ ಮಾಡಿದಳು. ಅಡುಗೆಯವನು ದೊಡ್ಡ ಬಟ್ಟಲಿಗೆ ಕಾಳು ಬಡಿಸಿ, ಉಪ್ಪಿನ ಡಬ್ಬಿಯನ್ನು ಅವಳ ಪಕ್ಕ ಇಟ್ಟ. ಅಕ್ಕನ ಮುಂಗೈ ನೋಡಿ, ಎಲ್ಲಿ ಕೆಲಸ, ಎಷ್ಟು ವರ್ಷ ಮಾಡಿದಿರಿ, ಹಬೆ ಎಷ್ಟು ಬಿಸಿ ಇರುತ್ತಿತ್ತು ಎಂದು ಮುದುಕಿ ಕೇಳಿದಳು. ಅಕ್ಕ ತುಂಬಿದ ಬಾಯಲ್ಲೇ ಹೇಳಿದಳು. ಎಡಗೈ ಬಟ್ಟಲನ್ನು ಬಳಸಿತ್ತು, ತಲೆ ಬಗ್ಗಿತ್ತು, ಚಮಚ ನಿಲ್ಲದೆ ಏರಿ ಇಳಿಯುತ್ತಿತ್ತು. ಸುತ್ತ ಇದ್ದವರೂ ಹಾಗೆಯೇ ಉಣ್ಣುತ್ತಿದ್ದರು. ಅವರಿಗೆಲ್ಲ ಇನ್ನು ಸ್ವಲ್ಪ ಹೊತ್ತಿಗೆ ಸಂಜೆಯ ಕೆಲಸ ಶುರುವಾಗುವುದಿತ್ತು.

ಅವನಿಗೆ ಯಾರೂ ಬಟ್ಟಲು ಕೊಡಲಿಲ್ಲ. ಕೂರಲೂ ಹೇಳಲಿಲ್ಲ. ಅಕ್ಕನ ಚೀಲ ಹಿಡಿದು ಒದ್ದೆ ನೆಲದ ಮೇಲೆ ನಿಂತ. ರೈಲಿಗೆ ಇನ್ನು ಎರಡು ಗಂಟೆ. ಹೊರಡಬೇಕು ಎಂದು ಹೇಳಬೇಕಾಗಿತ್ತು, ಹೇಳಲಿಲ್ಲ. ಬಟ್ಟಲು ಖಾಲಿಯಾಯಿತು. ಅಕ್ಕ ಅದನ್ನು ಒಂದು ಗಳಿಗೆ ನೋಡಿದಳು, ಇನ್ನೇನು ಕೆಳಗಿಡುತ್ತಾಳೆ ಎಂದುಕೊಂಡ. ಯಾರ ಮನೆಯಲ್ಲೂ, ಅವನ ಮನೆಯಲ್ಲೂ, ಅವಳು ಸಾಕು ಎನ್ನದೆ ಎದ್ದದ್ದನ್ನು ಅವನು ಕಂಡಿರಲಿಲ್ಲ. ಅವಳು ಬಟ್ಟಲನ್ನು ಅಡುಗೆಯವನ ಮುಂದೆ ಚಾಚಿದಳು.

‘ಇನ್ನೊಂದು ಸ್ವಲ್ಪ ಹಾಕಿ’ ಎಂದಳು.